ಹಲ್ಲಿನ ಬಣ್ಣದ ಫಿಲ್ಲಿಂಗ್‌ಗೆ ಕಾಫಿ, ಟೀ, ಅರಿಶಿನದ ಕಲೆ ಹಿಡಿಯುವುದು ಹೇಗೆ?

ಮುಂದಿನ ಹಲ್ಲಿನ ಫಿಲ್ಲಿಂಗ್ ಹಾಕಿಸಿದ ಹೊಸದರಲ್ಲಿ ಎಲ್ಲಿದೆ ಎಂದು ಹುಡುಕಬೇಕು. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಹುಡುಕುವ ಕಷ್ಟವೇ ಇರುವುದಿಲ್ಲ. ಹಲ್ಲು ಇದ್ದ ಹಾಗೇ ಇರುತ್ತದೆ, ಫಿಲ್ಲಿಂಗ್ ಮಾತ್ರ ಹಳದಿಗೆ ತಿರುಗಿರುತ್ತದೆ. ಇಲ್ಲವೇ ಅದರ ಅಂಚಿನುದ್ದಕ್ಕೂ ಪೆನ್ಸಿಲಿನಲ್ಲಿ ಎಳೆದಷ್ಟು ತೆಳುವಾಗಿ ಒಂದು ಕಂದು ಗೆರೆ ಮೂಡಿರುತ್ತದೆ. ಇದಕ್ಕೆ ಕಾರಣ ಯಾವುದು ಎಂದರೆ ಹೆಚ್ಚಿನವರು ಬೆರಳು ತೋರಿಸುವುದು ಕೋಲಾ ಕಡೆಗೆ. ಅದು ಕಪ್ಪಗಿದೆ, ಹುಳಿ ಇದೆ, ಗ್ಯಾಸ್ ಇದೆ. ಅನುಮಾನ ಬರಲು ಇನ್ನೇನು ಬೇಕು?

ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ ಫಲಿತಾಂಶ ಬೇರೆಯೇ ಬರುತ್ತದೆ. ಕೋಲಾದ ಪಿಎಚ್ ಸುಮಾರು 2.5, ಕಾಫಿಯದು 5ರ ಆಸುಪಾಸು. ಹುಳಿಯ ಲೆಕ್ಕದಲ್ಲಿ ಕೋಲಾ ಎಷ್ಟೋ ಪಟ್ಟು ತೀಕ್ಷ್ಣ. ಆದರೂ ಒಂದೇ ಫಿಲ್ಲಿಂಗ್ ವಸ್ತುವಿನ ಬಿಲ್ಲೆಗಳನ್ನು ಅಷ್ಟೇ ದಿನ ಎರಡರಲ್ಲೂ ಮುಳುಗಿಸಿಟ್ಟರೆ ಹೆಚ್ಚು ಬಣ್ಣ ಕೆಡುವುದು ಕಾಫಿಯಲ್ಲಿರುವ ಬಿಲ್ಲೆ. ಅರಿಶಿನದ ನೀರಿನಲ್ಲಿ ಇಟ್ಟದ್ದಂತೂ ಇನ್ನೂ ಬೇಗ ಕೆಡುತ್ತದೆ. ಅಂದರೆ ಪಾನೀಯ ನೋಡಲು ಎಷ್ಟು ಕಪ್ಪು, ಕುಡಿಯಲು ಎಷ್ಟು ಹುಳಿ ಎಂಬುದು ಇಲ್ಲಿ ಮುಖ್ಯವಲ್ಲ. ಅದರ ಬಣ್ಣದ ಅಣು ಫಿಲ್ಲಿಂಗ್‌ನೊಳಗೆ ಇಳಿಯಬಲ್ಲದೇ, ಇಳಿಯಲು ಅಲ್ಲಿ ಆಸ್ಪದ ಇದೆಯೇ ಎಂಬುದು ಮುಖ್ಯ. ಮೊದಲನೆಯದು ಪಾನೀಯದ ಗುಣ. ಎರಡನೆಯದು ಬಹುಪಾಲು ದಂತವೈದ್ಯರ ಕೈಯಲ್ಲಿ, ಅದರಲ್ಲೂ ಚಿಕಿತ್ಸೆಯ ಕೊನೆಯ ಹತ್ತು ನಿಮಿಷಗಳಲ್ಲಿ ತೀರ್ಮಾನವಾಗುತ್ತದೆ. ಕುಡಿಯುವವರನ್ನು ಬೈಯುವ ಮುನ್ನ ಆ ಹತ್ತು ನಿಮಿಷಗಳ ಬಗ್ಗೆ ಕೇಳುವುದು ನ್ಯಾಯ.

ಫಿಲ್ಲಿಂಗ್‌ನೊಳಗೆ ಏನಿದೆ

ಕಾಂಪೋಸಿಟ್ ಎಂದು ಕರೆಯುವ ಈ ವಸ್ತುವಿನಲ್ಲಿ ಎರಡು ಭಾಗ. ತೂಕದಲ್ಲಿ ಶೇಕಡ 70ರಿಂದ 80ರಷ್ಟು ಗಾಜು ಅಥವಾ ಸಿಲಿಕಾದ ಅತಿ ಸಣ್ಣ ಪುಡಿ. ಉಳಿದದ್ದು ಆ ಪುಡಿಯನ್ನು ಹಿಡಿದಿಡುವ ರಾಳ, ಅಂದರೆ ರೆಸಿನ್. ಇವೆರಡೂ ಒಂದಕ್ಕೊಂದು ಅಂಟಿಕೊಳ್ಳಲಿ ಎಂದು ಪುಡಿಯ ಪ್ರತಿ ಕಣಕ್ಕೂ ಸಿಲೇನ್ ಎಂಬ ರಾಸಾಯನಿಕದ ಲೇಪ ಇರುತ್ತದೆ. ರಾಳದ ಮುಖ್ಯ ಅಣು ಬಿಸ್-ಜಿಎಂಎ. ಅಮೆರಿಕದ ರಾಫೆಲ್ ಬೋವೆನ್ ಇದಕ್ಕೆ 1962ರಲ್ಲಿ ಪೇಟೆಂಟ್ ಪಡೆದರು. ಅದು ಜೇನಿಗಿಂತ ಮಂದ. ಹಾಗೇ ಬಿಟ್ಟರೆ ಪುಡಿ ಕಲಸಲು ಬರುವುದಿಲ್ಲ, ಆದ್ದರಿಂದ ಟಿಇಜಿಡಿಎಂಎ ಎಂಬ ತೆಳುವಾದ ರಾಳ ಸೇರಿಸಿ ತಿಳಿಮಾಡುತ್ತಾರೆ. ಯುಡಿಎಂಎ, ಬಿಸ್-ಇಎಂಎ ಎಂಬ ಇನ್ನಿಬ್ಬರು ಬಂಧುಗಳೂ ಬಳಕೆಯಲ್ಲಿದ್ದಾರೆ.

ಗಾಜಿಗೆ ಬಣ್ಣ ಹಿಡಿಯುವುದಿಲ್ಲ. ಹಿಡಿಯುವುದು ರಾಳಕ್ಕೆ. ರಾಳ ನೋಡಲು ಗಟ್ಟಿಯಾಗಿದ್ದರೂ ಬಾಯಿಯ ತೇವದಲ್ಲಿ ನಿಧಾನವಾಗಿ ನೀರು ಹೀರುತ್ತದೆ. ಹೀರುವ ನೀರಿನ ಹೆಚ್ಚಿನ ಪಾಲು ಮೊದಲ ಕೆಲವು ವಾರಗಳಲ್ಲೇ ಒಳಗೆ ಸೇರಿಬಿಡುತ್ತದೆ, ಆ ನೀರಿನ ಜೊತೆ ಬಣ್ಣವೂ ದಾರಿ ಮಾಡಿಕೊಳ್ಳುತ್ತದೆ. ಎಲ್ಲ ರಾಳವೂ ಒಂದೇ ಸಮ ಹೀರುವುದಿಲ್ಲ: ಟಿಇಜಿಡಿಎಂಎಯದು ಎಲ್ಲಕ್ಕಿಂತ ಹೆಚ್ಚು, ನಂತರ ಬಿಸ್-ಜಿಎಂಎ, ಅದಕ್ಕಿಂತ ಕಡಿಮೆ ಯುಡಿಎಂಎ, ಎಲ್ಲಕ್ಕಿಂತ ಕಡಿಮೆ ಬಿಸ್-ಇಎಂಎ. ಫಿಲ್ಲಿಂಗ್ ವಸ್ತುಗಳಿಗೆ ಇರುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4049 ನೀರು ಹೀರುವಿಕೆಗೆ ಪ್ರತಿ ಘನ ಮಿಲಿಮೀಟರಿಗೆ 40 ಮೈಕ್ರೊಗ್ರಾಂ ಎಂಬ ಮಿತಿ ಹಾಕಿದೆ. ಮಾರುಕಟ್ಟೆಯ ಉತ್ಪನ್ನಗಳು ಈ ಮಿತಿಯೊಳಗೇ ಇದ್ದರೂ ಅವುಗಳ ನಡುವೆ ಸಾಕಷ್ಟು ಅಂತರ ಇರುತ್ತದೆ. ಸಿರಿಂಜಿನಿಂದ ಹರಿಯುವಂಥ ತೆಳು ಕಾಂಪೋಸಿಟ್‌ನಲ್ಲಿ ಪುಡಿ ಕಡಿಮೆ, ರಾಳ ಜಾಸ್ತಿ. ಅದನ್ನು ಮುಂದಿನ ಹಲ್ಲಿನ ಹೊರಮೈಗೆ ಬಳಿದರೆ ಬಣ್ಣ ಬೇಗ ಕೆಡುವುದರಲ್ಲಿ ಆಶ್ಚರ್ಯ ಇಲ್ಲ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಫಿಲ್ಲಿಂಗ್ ಗಟ್ಟಿ ಮಾಡಲು ನೀಲಿ ಲೈಟು ಬಿಟ್ಟಾಗ ರಾಳದ ಅಣುಗಳು ಕೈಕೈ ಹಿಡಿದು ಜಾಲವಾಗುತ್ತವೆ. ಆದರೆ ಎಲ್ಲವೂ ಹಿಡಿಯುವುದಿಲ್ಲ. ಚೆನ್ನಾಗಿ ಗಟ್ಟಿಯಾದ ಫಿಲ್ಲಿಂಗ್‌ನಲ್ಲೂ ಕೂಡಿಕೊಳ್ಳಬಹುದಾದ ಕೊಂಡಿಗಳಲ್ಲಿ ಶೇಕಡ 50ರಿಂದ 75ರಷ್ಟು ಮಾತ್ರ ಕೂಡಿರುತ್ತವೆ. ಈ ಅಂಕಿ ಇಳಿದಷ್ಟೂ ಜಾಲ ಸಡಿಲ, ಸಡಿಲವಾದಷ್ಟೂ ಬಣ್ಣಕ್ಕೆ ಸಲೀಸು.

ಕಾಫಿ ಒಳಗಿಳಿಯುತ್ತದೆ, ಟೀ ಮೇಲೆ ಕೂರುತ್ತದೆ

ಕಾಫಿ ಮತ್ತು ಟೀ ಎರಡರ ಬಣ್ಣವೂ ಕಂದು. ಆದರೆ ಫಿಲ್ಲಿಂಗ್ ಮೇಲೆ ಇವು ನಡೆದುಕೊಳ್ಳುವ ರೀತಿ ಬೇರೆ. ಟೀಯ ಬಣ್ಣದ ಅಣುಗಳು ನೀರಿನೊಂದಿಗೆ ಹೆಚ್ಚು ಹೊಂದಿಕೊಳ್ಳುವಂಥವು. ರಾಳದೊಳಗೆ ನುಗ್ಗುವುದಕ್ಕಿಂತ ಅದರ ಮೇಲ್ಮೈಯಲ್ಲಿ, ಅದರಲ್ಲೂ ಹಲ್ಲಿನ ಮೇಲಿನ ಲಾಲಾರಸದ ತೆಳು ಪೊರೆಯಲ್ಲಿ ಕೂರುವುದೇ ಜಾಸ್ತಿ. ಆದ್ದರಿಂದ ಟೀ ಕರೆ ಬಹುಮಟ್ಟಿಗೆ ಬ್ರಷ್ಷಿಗೆ, ಪಾಲಿಶ್‌ಗೆ ಬಿಟ್ಟುಕೊಡುತ್ತದೆ. ಕಾಫಿಯಲ್ಲಿ ನೀರಿಗಿಂತ ರಾಳದೊಂದಿಗೆ ಹೊಂದಿಕೊಳ್ಳುವ ಹಳದಿ ಬಣ್ಣದ ಅಣುಗಳೂ ಇವೆ. ಅವು ಮೇಲ್ಮೈಗೂ ಅಂಟುತ್ತವೆ, ನಿಧಾನವಾಗಿ ಒಳಕ್ಕೂ ಇಳಿಯುತ್ತವೆ. ಒಳಗಿಳಿದದ್ದನ್ನು ಯಾವ ಬ್ರಷ್ಷೂ ತೆಗೆಯಲಾರದು. ಕಾಫಿ ಕುಡಿಯುವವರ ಫಿಲ್ಲಿಂಗ್ ಕಪ್ಪಾಗುವುದಕ್ಕಿಂತ ಮಬ್ಬು ಹಳದಿಯಾಗುವುದು ಹೆಚ್ಚು, ಕಾರಣ ಇದೇ.

ನಮ್ಮ ಫಿಲ್ಟರ್ ಕಾಫಿಗೆ ಇನ್ನೊಂದೆರಡು ವಿಶೇಷ ಇವೆ. ಡಿಕಾಕ್ಷನ್ ದಟ್ಟ, ಅದರಲ್ಲಿ ಚಿಕೋರಿ ಬೇರೆ ಸೇರಿರುತ್ತದೆ. ಹುರಿದ ಕಾಫಿ ಬೀಜ, ಹುರಿದ ಚಿಕೋರಿ ಬೇರು ಎರಡರಲ್ಲೂ ಹುರಿಯುವಾಗಲೇ ಹುಟ್ಟುವ ಮೆಲನಾಯ್ಡಿನ್ ಎಂಬ ಕಂದು ವಸ್ತುಗಳಿವೆ. ಬಿಸಿಯೂ ಲೆಕ್ಕಕ್ಕೆ ಬರುತ್ತದೆ: ಬಿಸಿ ಏರಿದಂತೆ ರಾಳದೊಳಗೆ ಅಣುಗಳ ಓಡಾಟ ಚುರುಕಾಗುತ್ತದೆ. ಆದರೆ ನಮ್ಮ ಪದ್ಧತಿಯಲ್ಲಿ ಎರಡು ಅನುಕೂಲಗಳೂ ಇವೆ. ಒಂದು ಹಾಲು. ಹಾಲಿನ ಕೇಸಿನ್ ಎಂಬ ಪ್ರೋಟೀನು ಕಲೆ ಮಾಡುವ ಟ್ಯಾನಿನ್ ಎಂಬ ಒಗರು ಅಣುಗಳನ್ನು ಹಿಡಿದುಕೊಂಡುಬಿಡುತ್ತದೆ, ಹಲ್ಲಿಗೆ ಅಂಟಲು ಉಳಿಯುವುದು ಕಡಿಮೆ. ಈ ಉಪಕಾರ ಟೀಯಲ್ಲಿ ಇನ್ನೂ ಸ್ಪಷ್ಟ. ಹಾಲು ಹಾಕಿ ಕುದಿಸಿದ ಚಹಾಕ್ಕಿಂತ ಕಪ್ಪು ಚಹಾ ಹೆಚ್ಚು ಕಲೆ ಮಾಡುತ್ತದೆ. ಲಿಂಬೆ ಹಿಂಡಿದ ಚಹಾದಲ್ಲಿ ಹಾಲೂ ಇಲ್ಲ, ಮೇಲಿಂದ ಹುಳಿ. ಆರೋಗ್ಯಕ್ಕೆಂದು ಹಾಲು ಬಿಟ್ಟು ಅದಕ್ಕೆ ಬದಲಾಯಿಸಿದವರ ಫಿಲ್ಲಿಂಗ್‌ಗೆ ಅದು ಲಾಭದ ಬದಲಾವಣೆಯಲ್ಲ.

ಇನ್ನೊಂದು ಅನುಕೂಲ ನಾವು ಕುಡಿಯುವ ವೇಗ. ಪ್ರಯೋಗಾಲಯದಲ್ಲಿ ಕಾಫಿಯ ಪರಿಣಾಮ ಅಳೆಯುವಾಗ ಸಾಮಾನ್ಯವಾಗಿ ಬಳಸುವ ಒಂದು ಲೆಕ್ಕ ಇದೆ. ಒಂದು ಕಪ್ ಮುಗಿಸಲು 15 ನಿಮಿಷ, ದಿನಕ್ಕೆ ಸರಾಸರಿ 3.2 ಕಪ್. ದಿನಕ್ಕೆ 48 ನಿಮಿಷವಾಯಿತು. 30 ದಿನಕ್ಕೆ 1,440 ನಿಮಿಷ, ಅಂದರೆ ಸರಿಯಾಗಿ 24 ಗಂಟೆ. ಹಾಗಾಗಿ ಬಿಲ್ಲೆಯನ್ನು ಒಂದು ದಿನ ಕಾಫಿಯಲ್ಲಿ ಮುಳುಗಿಸಿಡುವುದು ಒಂದು ತಿಂಗಳು ಕುಡಿದದ್ದಕ್ಕೆ ಸಮ ಎಂದು ಹಿಡಿಯುತ್ತಾರೆ. ದರ್ಶಿನಿಯಲ್ಲಿ ನಿಂತು ನಾಲ್ಕೈದು ನಿಮಿಷಕ್ಕೆ ಲೋಟ ಬರಿದು ಮಾಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಆಫೀಸಿನ ಮೇಜಿನ ಮೇಲೆ ದೊಡ್ಡ ಮಗ್ ಇಟ್ಟುಕೊಂಡು ಗಂಟೆಗಟ್ಟಲೆ ಗುಟುಕರಿಸುವವರಿಗೆ ಚೆನ್ನಾಗಿಯೇ ಹೊಂದುತ್ತದೆ. ಎಷ್ಟು ಲೋಟ ಎಂಬುದಕ್ಕಿಂತ ಒಟ್ಟು ಎಷ್ಟು ಹೊತ್ತು ಬಾಯಿಯಲ್ಲಿ ಕಾಫಿ ಇತ್ತು ಎಂಬುದನ್ನು ನೋಡಬೇಕು. ಪ್ರಯೋಗಾಲಯದ ಬಿಲ್ಲೆಗೆ ಲಾಲಾರಸ ಇಲ್ಲ, ನಡುವೆ ನೀರು ಕುಡಿಯುವುದಿಲ್ಲ, ಬ್ರಷ್ ತಾಗುವುದಿಲ್ಲ ಎಂಬುದೂ ನೆನಪಿರಲಿ. ಅಲ್ಲಿನ ಅಂಕಿ ಬಳಸಿ ಒಂದು ಪಾನೀಯವನ್ನು ಇನ್ನೊಂದಕ್ಕೆ ಹೋಲಿಸಬಹುದು. ನಿಮ್ಮ ಫಿಲ್ಲಿಂಗ್ ಇಂಥ ತಾರೀಖಿಗೆ ಹಳದಿಯಾಗುತ್ತದೆ ಎಂದು ಹೇಳಲು ಬರುವುದಿಲ್ಲ.

ಅರಿಶಿನ

ಈ ವಿಷಯದಲ್ಲಿ ಅರಿಶಿನಕ್ಕೆ ಸಾಟಿ ಇಲ್ಲ. ಅದರ ಬಣ್ಣದ ಅಣು ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಎಣ್ಣೆಯಲ್ಲಿ, ಹಾಲಿನ ಜಿಡ್ಡಿನಲ್ಲಿ ಕರಗುತ್ತದೆ. ರಾಳವೂ ಜಿಡ್ಡಿನ ಸ್ವಭಾವದ್ದೇ. ನೀರಿನಲ್ಲಿ ನೆಲೆ ಸಿಗದ ಕರ್ಕ್ಯುಮಿನ್‌ಗೆ ರಾಳ ಹಾಸಿಗೆ ಹಾಸಿಟ್ಟ ಹಾಗೆ. ಸಾರು ಹಾಕಿಟ್ಟ ಪ್ಲಾಸ್ಟಿಕ್ ಡಬ್ಬಿ ಎಷ್ಟು ತಿಕ್ಕಿದರೂ ಹಳದಿ ಬಿಡದಿರುವುದೂ, ಸ್ಟೀಲ್ ಡಬ್ಬಿಗೆ ಆ ತೊಂದರೆ ಇಲ್ಲದಿರುವುದೂ ಇದೇ ಕಾರಣಕ್ಕೆ. ಡಬ್ಬಿಯನ್ನು ಎರಡು ದಿನ ಬಿಸಿಲಿಗಿಟ್ಟರೆ ಬಣ್ಣ ತಿಳಿಯಾಗುತ್ತದೆ, ಏಕೆಂದರೆ ಕರ್ಕ್ಯುಮಿನ್ ಬೆಳಕಿಗೆ ಒಡೆಯುವ ಅಣು. ಬಾಯೊಳಗೆ ಆ ಬಿಸಿಲು ಎಲ್ಲಿಂದ ಬರಬೇಕು?

ಬಿಸಿ ಹಾಲಿಗೆ ಅರಿಶಿನ ಬೆರೆಸಿ ಕುಡಿಯುವಾಗ ಮೂರೂ ಒಟ್ಟಿಗೆ ಸೇರುತ್ತವೆ: ಬಿಸಿ, ಜಿಡ್ಡು, ಅದರಲ್ಲಿ ಕರಗಿದ ಬಣ್ಣ. ಅದೂ ರಾತ್ರಿ ಮಲಗುವ ಮುನ್ನ. ನಿದ್ದೆಯಲ್ಲಿ ಲಾಲಾರಸ ಸುರಿಯುವುದು ತೀರ ಕಡಿಮೆ, ಆದ್ದರಿಂದ ಬಾಯಿ ತೊಳೆಯದೆ ಮಲಗಿದರೆ ಉಳಿದ ಬಣ್ಣ ಬೆಳಗಿನವರೆಗೆ ಹಾಗೇ ಕೂತಿರುತ್ತದೆ. ಕೆಮ್ಮಿಗೆಂದು ನಾಲ್ಕು ದಿನ ಕುಡಿದರೆ ಏನೂ ಆಗುವುದಿಲ್ಲ. ದಿನವೂ ಕುಡಿಯುವ ಅಭ್ಯಾಸ ಇದ್ದವರು ಕುಡಿದ ಮೇಲೆ ಹಲ್ಲುಜ್ಜಿ ಮಲಗುವುದು ಒಳ್ಳೆಯದು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗಿ ಓಕುಳಿಯಾಗುವುದು ಎಲ್ಲರಿಗೂ ಗೊತ್ತು. ಅದು ಕ್ಷಾರಕ್ಕೆ ಕರ್ಕ್ಯುಮಿನ್ ತೋರುವ ಬಣ್ಣ. ಬಾಯಿಯ ಪಿಎಚ್ ಅಷ್ಟು ಮೇಲೇರುವುದಿಲ್ಲವಾದ್ದರಿಂದ ಫಿಲ್ಲಿಂಗ್‌ನಲ್ಲಿ ಅದು ಹಳದಿಯಾಗಿಯೇ ಉಳಿಯುತ್ತದೆ.

ಕೋಲಾ, ಹಣ್ಣಿನ ರಸ, ವೈನ್

ಹಾಗಾದರೆ ಕೋಲಾ ನಿರಪರಾಧಿಯೇ? ಅಲ್ಲ. ಅದರ ಕ್ಯಾರಮೆಲ್ ಬಣ್ಣ ರಾಳದೊಳಗೆ ಸುಲಭವಾಗಿ ಇಳಿಯುವುದಿಲ್ಲ ಅಷ್ಟೆ. ಅದರಲ್ಲಿರುವ ಫಾಸ್ಫಾರಿಕ್ ಆಮ್ಲ ಫಿಲ್ಲಿಂಗ್‌ನ ಮೇಲ್ಮೈಯನ್ನು ಮೆದುಗೊಳಿಸಿ ಹೊಳಪು ಕೆಡಿಸುತ್ತದೆ. ಸುತ್ತಲಿನ ಹಲ್ಲಿನ ಗಟ್ಟಿ ಹೊರಪದರ ಎನಾಮೆಲ್ ಪಿಎಚ್ 5.5ಕ್ಕಿಂತ ಕೆಳಗೆ ಕರಗತೊಡಗುವುದರಿಂದ ಅಂಚೂ ಒರಟಾಗುತ್ತದೆ. ಆ ಒರಟಿನಲ್ಲಿ ಮರುದಿನದ ಕಾಫಿ ಕೂರುತ್ತದೆ. ಬಣ್ಣ ಕೊಡುವುದು ಒಂದು, ಜಾಗ ಮಾಡಿಕೊಡುವುದು ಇನ್ನೊಂದು. ಎರಡೂ ಅಭ್ಯಾಸ ಇದ್ದವರ ಫಿಲ್ಲಿಂಗ್ ಬೇಗ ಕೆಡುವುದು ಹೀಗೆ.

ದ್ರಾಕ್ಷಿ, ನೇರಳೆ, ಪುನರ್ಪುಳಿಯ ಕೆಂಪು-ನೇರಳೆ ಬಣ್ಣ ಆಂಥೋಸಯನಿನ್ ಎಂಬ ಅಣುಗಳದು. ನೀರಿನಲ್ಲಿ ಕರಗುವಂಥವಾದ್ದರಿಂದ ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ, ಆದರೆ ಈ ರಸಗಳೆಲ್ಲ ಹುಳಿಯವು. ಕೆಂಪು ವೈನ್‌ನಲ್ಲಿ ಆಂಥೋಸಯನಿನ್, ಟ್ಯಾನಿನ್, ಹುಳಿ ಇವುಗಳ ಜೊತೆ ಶೇಕಡ 12ರಿಂದ 14ರಷ್ಟು ಆಲ್ಕೋಹಾಲೂ ಇದೆ. ಆಲ್ಕೋಹಾಲು ಬಿಸ್-ಜಿಎಂಎ ರಾಳವನ್ನು ಉಬ್ಬಿಸಿ ಮೆದು ಮಾಡುತ್ತದೆ. ಪ್ರಯೋಗಾಲಯದ ಹೋಲಿಕೆಗಳಲ್ಲಿ ವೈನ್ ಕಾಫಿಯ ಸಾಲಿನಲ್ಲಿ, ಕೆಲವೊಮ್ಮೆ ಅದಕ್ಕೂ ಮುಂದೆ ನಿಲ್ಲುವುದು ಈ ಒಟ್ಟು ಬಲದಿಂದ.

ಕುಡಿಯುವುದಲ್ಲದಿದ್ದರೂ ಬಾಯಿಗೆ ಹಾಕುವ ಎರಡು ದ್ರವಗಳನ್ನು ಇಲ್ಲಿ ಹೇಳಲೇಬೇಕು. ಒಸಡಿನ ತೊಂದರೆಗೆ ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ಗೆ ತನ್ನದೇ ಕಂದು ಬಣ್ಣ ಇಲ್ಲ. ಅದು ಹಲ್ಲಿನ ಮೇಲೆ ಕೂತು ಟೀ ಕಾಫಿಯ ಟ್ಯಾನಿನ್‌ಗಳನ್ನು ಎಳೆದು ಹಿಡಿಯುತ್ತದೆ. ಎರಡು ವಾರದ ಬಳಕೆಯಲ್ಲೇ ಫಿಲ್ಲಿಂಗ್‌ನ ಅಂಚು ಕಂದಾಗಬಹುದು. ಪೇಸ್ಟಿನ ನೊರೆ ಅದರ ಶಕ್ತಿ ಕುಗ್ಗಿಸುವುದರಿಂದ ಹಲ್ಲುಜ್ಜಿ ಅರ್ಧ ಗಂಟೆ ಬಿಟ್ಟು ಬಳಸಬೇಕು, ಬಳಸಿದ ಮೇಲೆ ಒಂದೆರಡು ಗಂಟೆ ಟೀ ಕಾಫಿ ಬೇಡ. ಇನ್ನೊಂದು ಕಬ್ಬಿಣಾಂಶದ ಸಿರಪ್. ಅದರ ಕಪ್ಪು ಕಲೆ ತಪ್ಪಿಸಲು ಸ್ಟ್ರಾ ಬಳಸುವುದು, ಕೂಡಲೇ ಬಾಯಿ ಮುಕ್ಕಳಿಸುವುದು ಸಾಕು. ಎಲೆ ಅಡಿಕೆ, ಕಾಚು, ಬೀಡಿ ಸಿಗರೇಟಿನ ಕಲೆ ಗೊತ್ತಿಲ್ಲದವರಿಲ್ಲ. ಅದನ್ನು ಮತ್ತೆ ವಿವರಿಸಬೇಕಾಗಿಲ್ಲ.

ಬಣ್ಣ ಕೆಟ್ಟದ್ದನ್ನು ಅಳೆಯುವುದು

ಹಳದಿಯಾಗಿದೆ ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ಒಬ್ಬರು ಒಪ್ಪುತ್ತಾರೆ, ಇನ್ನೊಬ್ಬರು ಒಪ್ಪುವುದಿಲ್ಲ. ಅದಕ್ಕೆ ಬಣ್ಣವನ್ನು ಮೂರು ಅಂಕಿಗಳಲ್ಲಿ ಅಳೆಯುತ್ತಾರೆ: ಎಲ್ ಎಂಬುದು ಬೆಳಕು-ಕಪ್ಪಿನ ಅಳತೆ, ಎ ಹಸಿರಿನಿಂದ ಕೆಂಪಿಗೆ, ಬಿ ನೀಲಿಯಿಂದ ಹಳದಿಗೆ. ಹೊಸ ಫಿಲ್ಲಿಂಗ್‌ನಲ್ಲಿ ಎಲ್ 75, ಎ 1, ಬಿ 15 ಇತ್ತು ಎನ್ನಿ. ಕಾಫಿಯ ನಂತರ 72, 2, 19 ಆಯಿತು. ವ್ಯತ್ಯಾಸಗಳು 3, 1, 4. ಅವುಗಳ ವರ್ಗ 9, 1, 16, ಕೂಡಿದರೆ 26, ವರ್ಗಮೂಲ ತೆಗೆದರೆ ಸುಮಾರು 5.1. ಇದನ್ನು ಡೆಲ್ಟಾ ಇ ಎನ್ನುತ್ತಾರೆ. ಸುಮಾರು 1.2 ದಾಟಿದರೆ ನೋಡುವವರಲ್ಲಿ ಅರ್ಧದಷ್ಟು ಜನರಿಗೆ ವ್ಯತ್ಯಾಸ ಗೊತ್ತಾಗುತ್ತದೆ, 2.7 ದಾಟಿದರೆ ಅರ್ಧದಷ್ಟು ಜನ ಅದನ್ನು ಒಪ್ಪುವುದಿಲ್ಲ. ಹಿಂದಿನ ಸಂಶೋಧನೆಗಳು 3.3ನ್ನು ಮಿತಿಯಾಗಿ ಹಿಡಿಯುತ್ತಿದ್ದವು. ಯಾವ ಮಿತಿ ಹಿಡಿದರೂ ನಮ್ಮ 5.1 ಫೇಲು. ಮೇಲಿನ ಲೆಕ್ಕದಲ್ಲಿ ದೊಡ್ಡ ಪಾಲು ಬಿ ಅಂಕಿಯದು, ಅಂದರೆ ಹಳದಿಯದು, ಎಂಬುದನ್ನೂ ಗಮನಿಸಿ.

ಕುರ್ಚಿಯಲ್ಲಿ ತೀರ್ಮಾನವಾಗುವುದು

ಫಿಲ್ಲಿಂಗ್‌ಗೆ ಬಣ್ಣ ಆರಿಸುವುದು ಹಲ್ಲು ಒದ್ದೆಯಾಗಿರುವಾಗಲೇ ಆಗಬೇಕು. ಹತ್ತಿ ಅಥವಾ ರಬ್ಬರ್ ಹಾಳೆ ಹಾಕಿದ ಕೆಲವು ನಿಮಿಷಗಳಲ್ಲೇ ಹಲ್ಲು ಒಣಗಿ ಬೆಳ್ಳಗಾಗುತ್ತದೆ. ಆಗ ಆರಿಸಿದ ಬಣ್ಣ ಮರುದಿನ ಹೊಂದುವುದಿಲ್ಲ. ಇದರ ಉಲ್ಟಾವೂ ನಿಜ. ಚಿಕಿತ್ಸೆ ಮುಗಿದು ಕನ್ನಡಿ ಹಿಡಿದಾಗ ಫಿಲ್ಲಿಂಗ್ ಕಪ್ಪಗೆ ಕಂಡರೆ ಗಾಬರಿ ಬೇಡ. ಒಣಗಿದ ಹಲ್ಲು ಮತ್ತೆ ನೀರು ಹೀರಿ ತನ್ನ ಬಣ್ಣಕ್ಕೆ ಬರಲಿ, ಒಂದೆರಡು ದಿನ ಬಿಟ್ಟು ನೋಡಿ. ಅನುಭವಸ್ಥರು ಮೊದಲೇ ಚಿಟಿಕೆಯಷ್ಟು ಕಾಂಪೋಸಿಟನ್ನು ಹಲ್ಲಿನ ಮೇಲಿಟ್ಟು, ಲೈಟ್ ಬಿಟ್ಟು, ಗಟ್ಟಿಯಾದ ಮೇಲೆ ಬಣ್ಣ ನೋಡಿ ಕಿತ್ತು ಹಾಕುತ್ತಾರೆ. ಗಟ್ಟಿ ಮಾಡುವ ಕ್ಯಾಂಫರ್‌ಕ್ವಿನೋನ್ ಎಂಬ ವಸ್ತು ಹಳದಿಯದು, ಲೈಟ್ ಬಿದ್ದಾಗ ಅದರ ಹಳದಿ ಬಹುಪಾಲು ಹೋಗುತ್ತದೆ. ಹಸಿಯಾಗಿರುವಾಗ ಕಾಣುವ ಬಣ್ಣ ನಂಬುವಂತಿಲ್ಲ.

ನಂತರ ಲೈಟು. ಕ್ಯಾಂಫರ್‌ಕ್ವಿನೋನ್ ಅತಿ ಹೆಚ್ಚು ಹೀರುವುದು 468 ನ್ಯಾನೊಮೀಟರಿನ ನೀಲಿ ಬೆಳಕನ್ನು. ಸಾಮಾನ್ಯ ಕಾಂಪೋಸಿಟನ್ನು 2 ಮಿಲಿಮೀಟರಿಗಿಂತ ದಪ್ಪ ಇಡದೆ, ಪ್ರತಿ ಪದರಕ್ಕೂ ಸುಮಾರು 20 ಸೆಕೆಂಡ್ ಲೈಟ್ ಕೊಡುತ್ತ ಕಟ್ಟಬೇಕು. ತಪ್ಪುವುದು ಇಲ್ಲಿಯೇ: ಲೈಟಿನ ತುದಿ ಕೆಲವು ಮಿಲಿಮೀಟರ್ ದೂರ ಇರುತ್ತದೆ, ಓರೆಯಾಗಿರುತ್ತದೆ, ತುದಿಗೆ ಹಳೆಯ ರಾಳ ಮೆತ್ತಿಕೊಂಡಿರುತ್ತದೆ. ಆಗ ಮೇಲ್ಪದರ ಉಗುರಿಗೆ ಗಟ್ಟಿ ಎನಿಸಿದರೂ ಜಾಲ ಅರೆಬೆಂದದ್ದು. ಅರೆಬೆಂದ ಜಾಲದಲ್ಲಿ ಉಳಿದ ಅಮೀನ್ ಎಂಬ ಸಹಾಯಕ ವಸ್ತು ಕಾಲಕ್ರಮದಲ್ಲಿ ಉತ್ಕರ್ಷಣೆಗೊಂಡು ತಾನೇ ಹಳದಿಯಾಗುತ್ತದೆ. ಕಾಫಿ ಟೀ ಮುಟ್ಟದವರ ಫಿಲ್ಲಿಂಗೂ ಒಳಗಿನಿಂದಲೇ ಹಳದಿಯಾಗುವುದುಂಟು, ಅದರ ಮೂಲ ಇದು.

ಇನ್ನು ಎಲ್ಲಕ್ಕಿಂತ ಹೊರಗಿನ ಪದರ. ಗಾಳಿಯ ಆಮ್ಲಜನಕ ರಾಳ ಗಟ್ಟಿಯಾಗುವುದನ್ನು ತಡೆಯುತ್ತದೆ. ಎಷ್ಟು ಲೈಟ್ ಬಿಟ್ಟರೂ ಗಾಳಿಗೆ ತೆರೆದ ಮೈಯಲ್ಲಿ ಕೆಲವು ಹತ್ತು ಮೈಕ್ರಾನ್ ದಪ್ಪದ ಅಂಟಂಟು ಪದರ ಉಳಿಯುತ್ತದೆ. ಅದನ್ನು ಹಾಗೇ ಬಿಟ್ಟರೆ ಮೊದಲ ಕಾಫಿಗೇ ಬಣ್ಣ ಹಿಡಿಯುತ್ತದೆ. ಪಾರದರ್ಶಕ ಪಟ್ಟಿ ಒತ್ತಿ ಲೈಟ್ ಬಿಟ್ಟರೆ ಮೇಲ್ಮೈ ಕನ್ನಡಿಯಂತೆ ನುಣುಪಾಗಿ ಬರುತ್ತದೆ, ಆದರೆ ಇದೊಂದು ಮೋಸದ ನುಣುಪು. ಪಟ್ಟಿಯ ಕೆಳಗೆ ಗಾಜಿನ ಪುಡಿ ಹಿಂದೆ ಸರಿದು ರಾಳವೇ ಮೇಲೆ ತುಂಬಿರುತ್ತದೆ. ನುಣುಪಾಗಿದೆ ಎಂದು ಅಲ್ಲಿಗೇ ಕೆಲಸ ಮುಗಿಸಿದ ಫಿಲ್ಲಿಂಗ್ ಪಾಲಿಶ್ ಮಾಡಿದ್ದಕ್ಕಿಂತ ಬೇಗ ಬಣ್ಣ ಕೆಡುತ್ತದೆ. ಸರಿಯಾದ ಕ್ರಮ ಹೀಗೆ: ಕೊನೆಯ ಪದರದ ಮೇಲೆ ಗ್ಲಿಸರಿನ್ ಜೆಲ್ ಹಚ್ಚಿ ಗಾಳಿ ತಾಗದಂತೆ ಮಾಡಿ ಮತ್ತೊಮ್ಮೆ ಲೈಟ್ ಕೊಡುವುದು, ತೊಳೆದು, ಸಣ್ಣ ಫಿನಿಶಿಂಗ್ ಬರ್‌ನಿಂದ ಆಕಾರಕ್ಕೆ ತರುವುದು, ಆಮೇಲೆ ಅಲ್ಯುಮಿನಿಯಂ ಆಕ್ಸೈಡ್ ಬಿಲ್ಲೆಗಳನ್ನು ಒರಟು, ಮಧ್ಯಮ, ನಯ, ಅತಿ ನಯ ಎಂಬ ಅನುಕ್ರಮದಲ್ಲಿ ಓಡಿಸುವುದು, ಪ್ರತಿ ಬಿಲ್ಲೆಯ ನಂತರ ನೀರಿನಿಂದ ತೊಳೆದು ಹಿಂದಿನ ಬಿಲ್ಲೆಯ ಕಣಗಳನ್ನು ತೆಗೆಯುವುದು, ಕೊನೆಗೆ ರಬ್ಬರ್ ಕಪ್ ಅಥವಾ ವಜ್ರದ ಪೇಸ್ಟು. ನಡುವಿನ ಒಂದು ಹಂತ ಹಾರಿಸಿದರೆ ಹಿಂದಿನ ಬಿಲ್ಲೆಯ ಗೀರುಗಳು ಹೊಳಪಿನ ಕೆಳಗೆ ಹಾಗೇ ಉಳಿಯುತ್ತವೆ.

ಮೇಲ್ಮೈಯ ಒರಟು ಸರಾಸರಿ 0.2 ಮೈಕ್ರಾನ್ ದಾಟಿದರೆ ಬ್ಯಾಕ್ಟೀರಿಯಾದ ಪೊರೆ ಹೆಚ್ಚು ಕೂರತೊಡಗುತ್ತದೆ, ಪೊರೆ ಕೂತಲ್ಲಿ ಬಣ್ಣವೂ ಕೂರುತ್ತದೆ. ನಾಲಿಗೆಗೆ ಒರಟು ತಿಳಿಯುವುದು ಸುಮಾರು 0.5 ಮೈಕ್ರಾನಿನಿಂದ. ನಾಲಿಗೆ ಆಡಿಸಿ ನುಣುಪಾಗಿದೆ ಎಂದು ರೋಗಿ ಹೇಳಿದ್ದಷ್ಟರಿಂದ ಪಾಲಿಶ್ ಮುಗಿಯಿತು ಎನ್ನಲಾಗದು.

ಮಕ್ಕಳ ಹಲ್ಲಿಗೆ, ಒಸಡಿನ ಬುಡದ ಸವೆತಕ್ಕೆ ಹಾಕುವ ಗ್ಲಾಸ್ ಅಯಾನೊಮರ್ ಬೇರೆಯೇ ವಸ್ತು. ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ರೂಪಿಸಿ 1972ರಲ್ಲಿ ಪ್ರಕಟಿಸಿದ್ದು. ಅದು ಹಲ್ಲಿಗೆ ತಾನೇ ಅಂಟುತ್ತದೆ, ಫ್ಲೋರೈಡ್ ಬಿಡುತ್ತದೆ, ಆದರೆ ಹೊಳಪಿನಲ್ಲಿ ಮತ್ತು ಬಣ್ಣ ತಡೆಯುವುದರಲ್ಲಿ ಕಾಂಪೋಸಿಟ್‌ಗೆ ಸಮನಲ್ಲ. ಮೊದಲ ದಿನ ನೀರು ತಾಗಿದರೆ ಕೆಡುತ್ತದೆ, ಅದಕ್ಕೇ ಮೇಲೆ ವಾರ್ನಿಶ್ ಅಥವಾ ವ್ಯಾಸಲೀನ್ ಹಚ್ಚುತ್ತಾರೆ. ಅದನ್ನು ಮನೆಗೆ ಹೋಗುವ ದಾರಿಯಲ್ಲೇ ಒರೆಸಿಕೊಳ್ಳಬೇಡಿ.

ಯಾವ ಕಲೆಗೆ ಏನು

ಬಣ್ಣ ಕೆಟ್ಟ ಫಿಲ್ಲಿಂಗನ್ನೆಲ್ಲ ಕಿತ್ತು ಹೊಸದು ಹಾಕುವುದು ತಪ್ಪು. ಪ್ರತಿ ಸಲ ಕೀಳುವಾಗ ಸುತ್ತಲಿನ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ, ಗುಂಡಿ ದೊಡ್ಡದಾಗುತ್ತದೆ. ಮೊದಲು ಪಾಲಿಶ್ ಮಾಡಿ ನೋಡಬೇಕು; ಮೇಲ್ಮೈಯ ಕಲೆಯಾಗಿದ್ದರೆ ಅಲ್ಲಿಗೇ ಮುಗಿಯುತ್ತದೆ. ಬಣ್ಣ ಒಳಗಿಳಿದಿದ್ದರೆ ಮೇಲಿನ ಅರ್ಧ ಅಥವಾ ಒಂದು ಮಿಲಿಮೀಟರ್ ಕೆತ್ತಿ, 50 ಮೈಕ್ರಾನಿನ ಅಲ್ಯುಮಿನಾ ಪುಡಿ ಊದಿ ಒರಟು ಮಾಡಿ, ಸಿಲೇನ್ ಮತ್ತು ಬಾಂಡ್ ಎಂಬ ಅಂಟು ಹಚ್ಚಿ ಹೊಸ ಪದರ ಕೊಡಬಹುದು. ಕೆಳಗಿನ ಹಳೆಯ ಫಿಲ್ಲಿಂಗ್ ಗಟ್ಟಿಯಾಗಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ.

ಅಂಚಿನ ಗೆರೆಗೆ ಸ್ವಲ್ಪ ಹೆಚ್ಚು ಗಮನ ಬೇಕು. ಕಾಂಪೋಸಿಟ್ ಗಟ್ಟಿಯಾಗುವಾಗ ಗಾತ್ರದಲ್ಲಿ ಶೇಕಡ 2ರಿಂದ 3ರಷ್ಟು ಕುಗ್ಗುತ್ತದೆ. ಹಿಡಿತ ದುರ್ಬಲವಾದಲ್ಲಿ ಅಂಚು ಬಿಟ್ಟು ಕಣ್ಣಿಗೆ ಕಾಣದ ಬಿರುಕಾಗುತ್ತದೆ, ಬಣ್ಣ ಅದರೊಳಗೆ ಸೇರುತ್ತದೆ. ಅಥವಾ ಹಿಡಿತಕ್ಕೆಂದು ಹಚ್ಚುವ ಆಮ್ಲ ತಾಗದ ಎನಾಮೆಲ್ ಮೇಲೆ ತೆಳುವಾಗಿ ಹರಡಿಕೊಂಡ ಹೆಚ್ಚುವರಿ ರಾಳದ ಅಡಿಗೆ ಸೇರುತ್ತದೆ. ಎರಡನೆಯದಾದರೆ ಆ ಹೆಚ್ಚುವರಿಯನ್ನು ಕೆತ್ತಿದ ಕೂಡಲೇ ಗೆರೆ ಮಾಯ. ಮೊದಲನೆಯದರಲ್ಲೂ ಗೆರೆ ಇದೆ ಎಂದ ಮಾತ್ರಕ್ಕೆ ಒಳಗೆ ಹುಳುಕು ಇದೆ ಎಂದಲ್ಲ. ಸಲಕರಣೆಗೆ ಅಂಚು ಮೆತ್ತಗೆ ಸಿಕ್ಕಿದರೆ, ಫಿಲ್ಲಿಂಗ್‌ನ ಕೆಳಗಿನಿಂದ ಬೂದು ನೆರಳು ಹರಡಿದ್ದರೆ, ಎಕ್ಸ್‌ರೇಯಲ್ಲಿ ಹುಳುಕು ಕಂಡರೆ ಆಗ ಬದಲಾಯಿಸುವುದು ಸರಿ.

ಹಾಕಿಸಿಕೊಂಡವರು ಮಾಡಬಹುದಾದದ್ದು ಹೆಚ್ಚೇನಿಲ್ಲ, ಮಾಡಿದರೆ ಪ್ರಯೋಜನವಿದೆ. ಲೈಟ್ ಆರಿಸಿದ ಮೇಲೂ ರಾಳದ ಜಾಲ ಸುಮಾರು ಒಂದು ದಿನ ಬಿಗಿಯಾಗುತ್ತಲೇ ಇರುತ್ತದೆ. ಆ ದಿನ ಮತ್ತು ಮರುದಿನ ಕಾಫಿ, ಟೀ, ಅರಿಶಿನ ಹೆಚ್ಚಿರುವ ಸಾರು ಬಿಟ್ಟು ಮಜ್ಜಿಗೆ ಅನ್ನ, ಇಡ್ಲಿ, ಹಾಲು ಎಂದು ಕಳೆಯಬಹುದು. ಕಾಫಿಯ ನಂತರ ಎರಡು ಗುಟುಕು ನೀರನ್ನು ಬಾಯಲ್ಲಿ ಆಡಿಸಿ ನುಂಗಿ. ತಣ್ಣನೆಯ ಹುಳಿ ಪಾನೀಯಗಳಿಗೆ ಸ್ಟ್ರಾ ಇರಲಿ, ಕುಡಿದ ಅರ್ಧ ಗಂಟೆ ಬ್ರಷ್ ಬೇಡ. ಇದ್ದಿಲು, ಉಪ್ಪು, ಕಾವಿ ಬೆರೆತ ಕೆಂಪು ಹಲ್ಲುಪುಡಿ ಇವುಗಳಿಂದ ತಿಕ್ಕಿದರೆ ಮೊದಲ ವಾರ ಬೆಳ್ಳಗಾದಂತೆ ಕಾಣುತ್ತದೆ, ನಂತರ ಗೀರು ಬಿದ್ದ ಮೈಗೆ ಮೊದಲಿಗಿಂತ ಬೇಗ ಬಣ್ಣ ಹಿಡಿಯುತ್ತದೆ. ಆರು ತಿಂಗಳಿಗೊಮ್ಮೆ ಹಲ್ಲು ಸ್ವಚ್ಛ ಮಾಡಿಸಲು ಹೋದಾಗ ಫಿಲ್ಲಿಂಗ್ ಎಲ್ಲಿದೆ ಎಂದು ಹೇಳಿ, ಅದಕ್ಕೂ ಪಾಲಿಶ್ ಕೇಳಿ. ಬಣ್ಣ ಕೆಡಲೇಬಾರದು ಎನ್ನುವವರಿಗೆ ಪಿಂಗಾಣಿಯ ಹೊದಿಕೆ ಇದೆ. ಅದಕ್ಕೆ ಬಣ್ಣ ಹಿಡಿಯುವುದು ತೀರ ಕಡಿಮೆ, ಖರ್ಚು ಹಲವು ಪಟ್ಟು, ಹಲ್ಲನ್ನೂ ಹೆಚ್ಚು ಕೆತ್ತಬೇಕಾಗಬಹುದು.

ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳುವ ಆಲೋಚನೆ ಇದ್ದರೆ ಹಳೆಯ ಫಿಲ್ಲಿಂಗ್ ಬದಲಾಯಿಸುವ ಮುನ್ನವೇ ಹೇಳಿಬಿಡಿ. ಪೆರಾಕ್ಸೈಡ್ ಹಲ್ಲನ್ನು ಬೆಳಗಿಸುತ್ತದೆ, ಫಿಲ್ಲಿಂಗ್‌ನ ಮೂಲ ಬಣ್ಣವನ್ನು ಏರಿಸುವುದಿಲ್ಲ. ಹೊರಗಿನ ಕಲೆ ಸ್ವಲ್ಪ ಹೋದರೂ ಬೆಳಗಿದ ಹಲ್ಲಿನ ನಡುವೆ ಹಳೆಯ ಫಿಲ್ಲಿಂಗ್ ಇನ್ನಷ್ಟು ಎದ್ದು ಕಾಣುತ್ತದೆ. ಆದ್ದರಿಂದ ಮೊದಲು ಬಿಳುಪಿನ ಚಿಕಿತ್ಸೆ, ನಂತರ ಎರಡು ವಾರದ ಬಿಡುವು, ಆಮೇಲೆ ಹೊಸ ಬಣ್ಣಕ್ಕೆ ಹೊಂದುವ ಫಿಲ್ಲಿಂಗ್. ಆ ಎರಡು ವಾರ ಬಿಡದಿದ್ದರೆ ಹಲ್ಲಿನೊಳಗೆ ಉಳಿದ ಆಮ್ಲಜನಕ ರಾಳವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಹಿಡಿತ ಸಡಿಲಾಗಿ ಅಂಚಿನ ಕಂದು ಗೆರೆ ಇನ್ನೂ ಬೇಗ ಬರುತ್ತದೆ.